ಮೂರು ಫರಸಿ ಬೆಳಕು

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಆಳಂದದ ಬಸ್ ಸ್ಟ್ಯಾಂಡಿನ ಎದುರು, ಒಂದು ತೊಗರಿ ಬೇಳೆ ಅಂಗಡಿಯ ಮೇಲಿನ ಮಹಡಿಯಲ್ಲಿ ಟೈಪಿಂಗ್ ಕ್ಲಾಸು ನಡೆಯುತ್ತಿತ್ತು. ಅಲ್ಲಿ ಇದ್ದದ್ದು ಹನ್ನೆರಡು ಟೈಪ್‌ರೈಟರ್, ಒಂದು ಕಂಪ್ಯೂಟರ್, ಒಬ್ಬಳು ನಾನು. ಕಂಪ್ಯೂಟರಿಗೆ ಪ್ರತ್ಯೇಕ ಕೋಣೆ, ಕೆಂಪು ಮಖಮಲ್ಲಿನ ಹೊದಿಕೆ. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಕ್ಲಾಸಿನ ಮಾಲೀಕರು ದಿನಾ ಬೆಳಿಗ್ಗೆ ಅದಕ್ಕೆ ಊದುಬತ್ತಿ ಬೆಳಗಿ, ಕೈಮುಗಿದು, ಆಮೇಲೆ ನನ್ನ ವಶಕ್ಕೆ ಒಪ್ಪಿಸುತ್ತಿದ್ದರು. ನಾನು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದವಳು. ಗುಲಬರ್ಗಾದಲ್ಲಿ ಮೂರು ತಿಂಗಳು ಕಲಿತು ಬಂದು ಅಲ್ಲಿ ಕಲಿಸಲು ಸೇರಿದ್ದೆ. ಹುಡುಗರಿಗಿಂತ ಎರಡು ಪಾಠ ಮುಂದಿದ್ದೆ, ಅಷ್ಟೇ. ಆ ಎರಡು ಪಾಠದ ಗರ್ವ ಮಾತ್ರ ಆನೆಯಷ್ಟಿತ್ತು.

ಗರ್ವ ಇದ್ದವರಿಗೆ ಗೆಳತಿಯರು ಕಡಿಮೆ. ನನ್ನ ಜೊತೆ ಓದಿದವರು ಮದುವೆಯಾಗಿ ಅಫಜಲಪುರ, ಅಕ್ಕಲಕೋಟ ಎಂದು ಚದುರಿಹೋಗಿದ್ದರು. ಕ್ಲಾಸಿನ ಹುಡುಗರು ‘ಹೌದ್ರಿ ಮೇಡಂ’, ‘ಇಲ್ರಿ ಮೇಡಂ’ ಬಿಟ್ಟು ಮೂರನೆಯ ಮಾತಾಡುತ್ತಿರಲಿಲ್ಲ. ನಾನು ಏನು ಕೆಲಸ ಮಾಡುತ್ತೇನೆಂದು ಯಾರಾದರೂ ಕೇಳಿದರೆ ಅವ್ವ ‘ಟೈಪಿಂಗ್’ ಎಂದು ಹೇಳಿ ಮುಗಿಸುತ್ತಿದ್ದಳು. ಭಾನುವಾರ ಕ್ಲಾಸಿಗೆ ರಜೆ, ಕೀಲಿಕೈ ನನ್ನ ಬಳಿ. ನಾನು ಪಾಠ ತಯಾರಿ ಮಾಡುತ್ತೇನೆಂದು ಮಾಲೀಕರ ನಂಬಿಕೆ. ಮಧ್ಯಾಹ್ನ ಊಟವಾದ ಮೇಲೆ ಹೋಗಿ ಕರೆಂಟು ಇದ್ದಷ್ಟು ಹೊತ್ತು ಒಬ್ಬಳೇ ಕೂತಿರುತ್ತಿದ್ದೆ. ಅಲ್ಲಿ ನಾನು ಒಂದು ಆಟ ಕಟ್ಟುತ್ತಿದ್ದೆ.

ಸೊಲ್ಲಾಪುರದಿಂದ ಸೆಕೆಂಡ್ ಹ್ಯಾಂಡಾಗಿ ಬಂದ ಆ ಯಂತ್ರದ ಜೊತೆ ಒಂದು ಫ್ಲಾಪಿಯಲ್ಲಿ ಯಾವುದೋ ಆಟ ಬಂದಿತ್ತು. ಪರದೆ ತುಂಬ ಸಣ್ಣ ಸಣ್ಣ ಚೌಕ, ನಡುವೆ ಹೆಬ್ಬೆರಳ ಉಗುರಿನಷ್ಟು ಗೊಂಬೆ. ಮೂಗು ಪರದೆಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದಾಗ ಗುಟ್ಟು ತಿಳಿಯಿತು: ಆ ಇಡೀ ಕೋಟೆ ಆರೇ ಆರು ಬಗೆಯ ಚೌಕಗಳನ್ನು ಮತ್ತೆ ಮತ್ತೆ ಜೋಡಿಸಿ ಕಟ್ಟಿದ್ದು. ಇಷ್ಟೇ ಆದರೆ ನನಗೂ ಬರುತ್ತದೆ ಎನಿಸಿತು. ಓಡಾಡುವ ಗೊಂಬೆಗೆ ಸ್ಪ್ರೈಟ್ ಎಂತಲೂ ನೆಲದ ಚೌಕಕ್ಕೆ ಟೈಲ್ ಎಂತಲೂ ಹೆಸರಿದೆ ಎಂಬುದು ರದ್ದಿ ಅಂಗಡಿಯಲ್ಲಿ ಸಿಕ್ಕ ಒಂದು ಹರಕು ಇಂಗ್ಲಿಷ್ ಪತ್ರಿಕೆಯಿಂದ ಆಮೇಲೆ ತಿಳಿಯಿತು. ನಾನು ಗೊಂಬೆ ಎಂತಲೂ ಫರಸಿ ಎಂತಲೂ ಕರೆಯುತ್ತಿದ್ದೆ.

ಫರಸಿ ಎಂದರೆ ನಮ್ಮ ಕಡೆ ನೆಲಕ್ಕೆ ಹಾಸುವ ಶಹಾಬಾದಿನ ನುಣುಪು ಕಲ್ಲು. ಅಳತೆ ಮಾಡಿ ಕತ್ತರಿಸಿದ ಚೌಕ ಚೌಕದ ಬೂದುಗಲ್ಲು ನಮ್ಮ ಮನೆಯ ತುಂಬ ಇತ್ತು. ಹಾಗಾಗಿ ಆಟಕ್ಕೆ ಕೋಟೆ ಕೊತ್ತಲ ಹುಡುಕಿಕೊಂಡು ಹೋಗಲಿಲ್ಲ. ನಮ್ಮ ಮನೆಯನ್ನೇ ಎಣಿಸಿ ಹಾಕಿದೆ. ಪಡಸಾಲೆಯ ಉದ್ದ ಹದಿನಾಲ್ಕು ಫರಸಿ, ಅಡಿಗೆಮನೆ ಆರಕ್ಕೆ ಏಳು, ನಡುವೆ ಎರಡು ಕಂಬ. ಆ ಪರದೆಗೆ ಇದ್ದದ್ದು ನಾಲ್ಕೇ ಬಣ್ಣ: ಕಪ್ಪು, ಬಿಳಿ, ಒಂದು ತಿಳಿ ನೀಲಿ, ಒಂದು ಕಣ್ಣು ಕುಕ್ಕುವ ಗುಲಾಬಿ. ಹದಿನಾರಕ್ಕೆ ಹದಿನಾರು ಮನೆಯ ಚೌಕವನ್ನು ಗಣಿತದ ಪುಸ್ತಕದ ಹಾಳೆಯ ಮೇಲೆ ಗೆರೆ ಹಾಕಿ, ಒಂದೊಂದು ಮನೆಗೂ ಬಣ್ಣ ತುಂಬಿ, ಆ ಬಣ್ಣವನ್ನು ಅಂಕಿ ಮಾಡಿ, ಅಂಕಿಯನ್ನು ಯಂತ್ರಕ್ಕೆ ಉಣಿಸಬೇಕು. ಒಂದು ನೀರಿನ ಬಿಂದಿಗೆ ಬರೆಯಲು ಒಂದು ಭಾನುವಾರ ಪೂರ್ತಿ ಹೋಗುತ್ತಿತ್ತು. ಅಷ್ಟಾಗಿಯೂ ಅದು ಬದನೆಕಾಯಿಯಂತೆ ಕಂಡರೆ ಮತ್ತೊಂದು ಭಾನುವಾರ.

ಗೊಂಬೆಗೆ ನಡಿಗೆ ಬೇಕಿತ್ತು. ನಾಲ್ಕು ಚಿತ್ರ ಒಂದರ ಹಿಂದೊಂದು ತೋರಿಸಿದರೆ ನಡೆದಂತೆ ಕಾಣುತ್ತದೆ. ಯಾರ ನಡಿಗೆ ನೋಡಿ ಬರೆಯಲಿ? ಮನೆಯಲ್ಲಿ ನನ್ನ ಕಣ್ಣ ಮುಂದೆ ಓಡಾಡುವವಳು ಅಕ್ಕ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು, ಮೆಟ್ರಿಕ್ ಮುಗಿಸಿ ಮನೆ ಹಿಡಿದವಳು. ಪಾತ್ರೆ ಎಡವುವುದು, ಬಾಗಿಲಿಗೆ ಭುಜ ಬಡಿದುಕೊಳ್ಳುವುದು, ಕೈಗೆ ಕೊಟ್ಟ ಲೋಟ ಬೀಳಿಸುವುದು ಅವಳ ನಿತ್ಯದ ಕೆಲಸ. ‘ಕಣ್ಣ ಎಲ್ಲಿ ಇಟ್ಟೀ ಬೇ?’ ಎಂದು ಅವ್ವ ದಿನಕ್ಕೆ ನಾಲ್ಕು ಸಲ ಬೈಯುತ್ತಿದ್ದಳು. ನಾನು ಪಡಸಾಲೆಯ ಮೂಲೆಯಲ್ಲಿ ಹಾಳೆ ಹಿಡಿದು ಕೂತು ಅವಳ ನಡಿಗೆ ನೋಡಿದೆ. ಹೆಜ್ಜೆ ಎತ್ತಿ ಇಡುವುದಿಲ್ಲ, ನೆಲ ಸವರಿಕೊಂಡು ಇಡುತ್ತಾಳೆ. ಎಡಗೈ ಗೋಡೆಯಿಂದ ಒಂದು ಗೇಣು ದೂರದಲ್ಲಿ ಚಾಚಿರುತ್ತದೆ. ಸಂಜೆಯಾದರೆ ಆ ಗೇಣೂ ಇಲ್ಲ, ಬೆರಳು ಗೋಡೆಗೇ ತಾಗಿರುತ್ತದೆ. ಅದೆಲ್ಲವನ್ನೂ ಚುಕ್ಕೆ ಬಿಡದೆ ಗೊಂಬೆಗೆ ಬರೆದೆ. ಚಾಚಿದ ಕೈಗೆ ಎರಡೇ ಚುಕ್ಕೆ, ಆದರೂ ನೋಡಿದ ಕೂಡಲೇ ಅಕ್ಕ ಎಂದು ಗೊತ್ತಾಗುತ್ತಿತ್ತು. ಆ ಕೈ ಯಾಕೆ ಚಾಚಿದೆ ಎಂದು ಮಾತ್ರ ನಾನು ಕೇಳಿಕೊಳ್ಳಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಇದಕ್ಕೇ.

ನೆರಳು ಬೆಳಕಿನ ವಿಷಯದಲ್ಲಿ ಆ ಹರಕು ಪತ್ರಿಕೆಗೂ ನನಗೂ ಜಗಳ. ಬೆಳಕು ಎಡಗಡೆಯ ಮೇಲಿನ ಮೂಲೆಯಿಂದ ಬೀಳುತ್ತದೆ ಎಂದಿಟ್ಟುಕೊಂಡು ಎಲ್ಲವನ್ನೂ ಬರೆಯಿರಿ ಎಂದು ಅದು ಹೇಳುತ್ತಿತ್ತು. ಬರೆದವರ ಮನೆಗೆ ಎಡಗಡೆ ಕಿಟಕಿ ಇದ್ದೀತು. ನಮ್ಮದು ಮಣ್ಣಿನ ಮಾಳಿಗೆಯ ಮನೆ, ಗೋಡೆ ಎರಡು ಮೊಳ ದಪ್ಪ, ಕಿಟಕಿಯ ಹೆಸರಿಲ್ಲ. ಮಾಳಿಗೆಗೆ ಅಲ್ಲಲ್ಲಿ ತೂತು ಬಿಟ್ಟು ಗಾಜು ಮುಚ್ಚಿದ ಬೆಳಕಿಂಡಿಗಳು ಇದ್ದವು. ಹಗಲಿನ ಬೆಳಕು ನೆತ್ತಿಯ ಮೇಲಿಂದ ನೆಟ್ಟಗೆ ಬೀಳುತ್ತಿತ್ತು. ನಾನು ಹುಟ್ಟಿದಾಗಿನಿಂದ ಕಂಡ ಬೆಳಕು ಅದೇ. ಹಾಗಾಗಿ ನನ್ನ ಬಿಂದಿಗೆಗಳ ಬಾಯಿ ಬೆಳ್ಳಗೆ, ಹೊಟ್ಟೆ ಕಪ್ಪಗೆ. ಗೊಂಬೆಯ ಬೈತಲೆ ಹೊಳೆಯುತ್ತಿತ್ತು, ಪಾದಗಳು ಮಸುಕು. ನೋಡಿದವರು ಯಾರೂ ಇರಲಿಲ್ಲವಾದ್ದರಿಂದ ತಪ್ಪು ಎಂದವರೂ ಇರಲಿಲ್ಲ.

ಆಟ ಹೀಗೆ: ಸಂಜೆಯ ಹೊತ್ತು, ಗೊಂಬೆಯ ಕೈಯಲ್ಲಿ ಕಂದೀಲು, ಮನೆಯಲ್ಲೆಲ್ಲೋ ಕಳೆದ ಬೀಗದ ಕೈ ಹುಡುಕಬೇಕು. ಗೊಂಬೆ ನಿಂತಲ್ಲಿಂದ ಸುತ್ತ ಮೂರು ಫರಸಿ ಕಾಣಬೇಕು, ಆಚೆಯದೆಲ್ಲ ಕತ್ತಲು. ಮೊದಲು ಹೆಜ್ಜೆ ಎಣಿಸಿ ಹಾಕಿದೆ. ಬೆಳಕು ಗುಂಡಗಾಗದೆ ಗಾಳಿಪಟದಂತೆ ಮೂಲೆ ಮೂಲೆಯಾಯಿತು. ಶಾಲೆಯಲ್ಲಿ ಉರು ಹೊಡೆದ ಕರ್ಣದ ಸೂತ್ರ ಹಾಕಿದಾಗ ಗುಂಡಗಾಯಿತು. ಆಮೇಲೆ ನೋಡಿದರೆ ಗೊಂಬೆ ಮುಂದೆ ಹೋದರೂ ಅದು ದಾಟಿದ ಫರಸಿಗಳ ಮೇಲೆ ಬೆಳಕು ಹಾಗೇ ಉಳಿಯುತ್ತಿತ್ತು. ಹಿಂದಿನದನ್ನು ಆರಿಸಬೇಕೆಂಬುದನ್ನೇ ಮರೆತಿದ್ದೆ. ಅದನ್ನು ಸರಿಮಾಡಲು ಎರಡು ಭಾನುವಾರ ಬೇಕಾಯಿತು. ಅಷ್ಟಾದರೂ ಅಂಚು ಕತ್ತರಿಯಲ್ಲಿ ಕತ್ತರಿಸಿದ ಹಾಗೆ, ಇಲ್ಲಿಯವರೆಗೆ ಬೆಳಕು, ಮುಂದೆ ಕಗ್ಗತ್ತಲು. ನಿಜವಾದ ಕಂದೀಲಿನ ಬೆಳಕು ಹಾಗೆ ಕೊನೆಯಾಗುವುದಿಲ್ಲ. ಅಂಚಿನ ಫರಸಿಗಳಿಗೆ ಬೇರೆ ಚಿತ್ರ ಬೇಕು, ಒಂದು ಬಿಟ್ಟು ಒಂದು ಚುಕ್ಕೆ ಕಪ್ಪಾದದ್ದು, ಅದರಾಚೆಗೆ ನಾಲ್ಕರಲ್ಲಿ ಮೂರು ಕಪ್ಪಾದದ್ದು. ಅದನ್ನೆಲ್ಲ ಬರೆಯುವ ಮೊದಲು ಯಾರಿಗಾದರೂ ತೋರಿಸಬೇಕೆಂದು ಜೀವ ಚಡಪಡಿಸಿತು. ತೋರಿಸಲು ಇದ್ದವಳು ಅಕ್ಕ ಒಬ್ಬಳೇ.

ಆಗ ಅಕ್ಕನ ಮದುವೆ ಗೊತ್ತಾಗಿತ್ತು. ಜೇವರ್ಗಿಯ ಕಡೆ ಪ್ರಾಥಮಿಕ ಶಾಲೆಯ ಮಾಸ್ತರು, ತಾಯಿ ಮಗ ಇಬ್ಬರೇ. ಬಂದು ನೋಡಿ, ಒಪ್ಪಿ, ವೀಳ್ಯ ಹಿಡಿದು ಹೋಗಿದ್ದರು. ಲಗ್ನಕ್ಕೆ ಇನ್ನು ಎರಡು ತಿಂಗಳು. ಮನೆಯವರಿಗೆಲ್ಲ ಸಂಭ್ರಮ. ನನಗೆ ಸಿಟ್ಟು. ಯಾರ ಮೇಲೆ ಎಂದು ಗೊತ್ತಿರಲಿಲ್ಲ. ಅವಳು ಹೋದರೆ ಆ ಮನೆಯಲ್ಲಿ ನಾನು ಬಾಯಿ ಬಿಟ್ಟು ಮಾತಾಡುವ ಜೀವ ಇನ್ನೊಂದು ಉಳಿಯುತ್ತಿರಲಿಲ್ಲ, ಅದೇ ನಿಜ.

ಭಾನುವಾರ ಮಧ್ಯಾಹ್ನ ಅವಳನ್ನು ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದೆ. ಗೊಂಬೆ ನಡೆದದ್ದೇ ತಡ, ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು.

“ಏನ್ ಬೇ ಇದು, ನನ್ನಂಗಽ ನಡಿತದಲ್ಲ!”

ಆಮೇಲೆ ಅವಳ ನಗು ನಿಂತಿತು. ಕೀಲಿಗಳನ್ನು ಒತ್ತುತ್ತ ಗೊಂಬೆಯನ್ನು ಪಡಸಾಲೆಯ ಉದ್ದಕ್ಕೂ ನಡೆಸಿದಳು, ವಾಪಸು ತಂದಳು.

“ನಿನಗ ಇದು ಹ್ಯಾಂಗ ಗೊತ್ತಾಯ್ತು?” ಎಂದಳು.

“ಯಾವುದು?”

“ಹೊತ್ತು ಮುಳುಗಿದ ಮ್ಯಾಲ ಹಿಂಗಽ ಅಲ್ಲೇನು ಕಾಣೂದು? ದೀಪದ ಮುಂದ ಇಷ್ಟು, ಸುತ್ತ ಎಲ್ಲಾ ಕರ್ರಗ.”

“ಯಾರಿಗೆ?”

“ಯಾರಿಗೆಂದ್ರ? ಎಲ್ಲಾರಿಗೂ.”

ನಾನು ಅವಳ ಮುಖ ನೋಡಿದೆ. ಅವಳು ಹುಡುಗಾಟ ಮಾಡುತ್ತಿರಲಿಲ್ಲ. ಇಪ್ಪತ್ತೇಳು ವರ್ಷ ಎಲ್ಲರಿಗೂ ಹೀಗೇ ಕಾಣುತ್ತದೆ, ಉಳಿದವರು ಜಾಣರು, ತಾನೊಬ್ಬಳು ಎಡವಟ್ಟಿ ಎಂದುಕೊಂಡಿದ್ದಳು. ನನಗೆ ಹಾಗೆ ಕಾಣುವುದಿಲ್ಲ, ಸಂಜೆ ಪಡಸಾಲೆಯ ಆ ತುದಿಯವರೆಗೂ ಕಾಣುತ್ತದೆ ಎಂದು ಹೇಳಿದಾಗ ಅವಳು ಕೀಲಿಯಿಂದ ಬೆರಳು ತೆಗೆದಳು. “ಹಂಗಾರ ನಾ ಎಣಿಸೂದು ನೀವ್ಯಾರೂ ಎಣಿಸಂಗಿಲ್ಲ?” ಎಂದು ಕೇಳಿದಳು. ಒಲೆಯಿಂದ ಹೊಸ್ತಿಲಿಗೆ ಆರು ಫರಸಿ, ಹೊಸ್ತಿಲಿಂದ ಬಚ್ಚಲಿಗೆ ಐದು, ಹೀಗೆ ಇಡೀ ಮನೆ ಅವಳಿಗೆ ಬಾಯಿಪಾಠವಾಗಿತ್ತು. ನಾನು ಹಾಳೆ ಪೆನ್ಸಿಲು ಹಿಡಿದು ವಾರಗಟ್ಟಲೆ ಎಣಿಸಿದ್ದನ್ನು ಅವಳು ಎಂದೋ ಎಣಿಸಿಟ್ಟಿದ್ದಳು.

ಸೀರೆ ತರುವ ನೆಪದಲ್ಲಿ ಇಬ್ಬರೂ ಗುಲಬರ್ಗಾಕ್ಕೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಅವರು ಕಣ್ಣಿಗೆ ದೀಪ ಬಿಟ್ಟು ನೋಡಿ, “ಅವ್ವ ಅಪ್ಪಗ ಮೊದಲೇ ಸಂಬಂಧ ಏನು?” ಎಂದರು. ಅವ್ವನ ತವರು ಅಫಜಲಪುರ ತಾಲ್ಲೂಕಿನ ಗೊಬ್ಬೂರ. ಅಪ್ಪ ಅವಳ ಸ್ವಂತ ಸೋದರಮಾವ. ನಮ್ಮಲ್ಲಿ ಅದು ಹೇಳಿಕೊಳ್ಳುವಂಥ ಸಂಗತಿಯೂ ಅಲ್ಲ, ಮನೆಮನೆಯ ರೂಢಿ. ಡಾಕ್ಟರು ತಲೆಯಾಡಿಸಿ, ಇದು ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಿಗೆ ಬರುವ ಇರುಳುಗುರುಡು, ಇದಕ್ಕೆ ಔಷಧಿ ಇಲ್ಲ, ಹಗಲಿನ ನೋಟವೂ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಹೋಗುತ್ತದೆ, ಎಷ್ಟು ಬೇಗ ಎಂದು ಹೇಳಲಾಗದು ಎಂದರು. ಮರಳಿ ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಕೂತು ಹೊಲಗಳನ್ನು ಒಂದೂ ಬಿಡದೆ ನೋಡಿದಳು. ಕಡಗಂಚಿ ದಾಟಿದ ಮೇಲೆ “ಮನ್ಯಾಗ ಹೇಳಬ್ಯಾಡ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಅವರಿಗೆ ಹೇಳಬೇಕು” ಎಂದಳು. ಅವರು ಎಂದರೆ ಜೇವರ್ಗಿಯವರು.

ಹೇಳಿದರೆ ಮದುವೆ ಮುರಿಯುತ್ತದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಹೌದು, ಹೇಳಲೇಬೇಕು ಎಂದೆ. ಬಹಳ ಧರ್ಮದ ಮಾತು ಆಡಿದೆನೆಂದು ಅನಿಸುವ ಹಾಗೆ ಹೇಳಿದೆ. ಒಳಗೆ ಮಾತ್ರ, ಮುರಿಯಲಿ, ಇವಳು ನನ್ನ ಜೊತೆಗೇ ಇರಲಿ ಎಂಬ ಆಸೆ ಹಾಲಿನಂತೆ ಉಕ್ಕುತ್ತಿತ್ತು. ಇದನ್ನು ಬರೆಯಲು ಇವತ್ತೂ ನಾಚಿಕೆಯಾಗುತ್ತದೆ.

ಲಗ್ನಪತ್ರಿಕೆಯ ಹೆಸರುಗಳನ್ನು ಅಪ್ಪನಿಗೆ ತೋರಿಸಿ ಒಪ್ಪಿಗೆ ಪಡೆಯಲು ಆ ಮಾಸ್ತರು ಒಂದು ಭಾನುವಾರ ಆಳಂದಕ್ಕೆ ಬಂದರು. ಊಟವಾದ ಮೇಲೆ ಅಕ್ಕ ಅಡಿಗೆಮನೆಯಿಂದ ನನ್ನನ್ನು ಕರೆದು, “ಬಾಯಿಲೆ ಹೇಳಾಕ ನನಗ ಆಗೂದಿಲ್ಲ. ಆ ಆಟ ತೋರಸು” ಎಂದಳು. ಕಂಪ್ಯೂಟರ್ ನೋಡಲು ಬನ್ನಿ ಎಂದು ನಾನು ಮಾಸ್ತರನ್ನು ಕರೆದೆ. ಮದುವೆ ಗೊತ್ತಾದ ಹುಡುಗಿ ಹುಡುಗನ ಜೊತೆ ಬಜಾರಿನಲ್ಲಿ ನಡೆಯುವುದೇ ಎಂದು ಅವ್ವ ಮುಖ ಸಿಂಡರಿಸಿದಳು. ನಡುವೆ ನಾನು ಇದ್ದೇನಲ್ಲ ಎಂದು ಸಮಾಧಾನ ಹೇಳಿ ಹೊರಟೆವು. ಮಾಸ್ತರು ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಚಪ್ಪಲಿಯನ್ನು ಜೋಡಿಸಿಟ್ಟು ಒಳಗೆ ಬಂದರು.

ಅವರು ಆಟ ಆಡಿದರು. ಎರಡು ಸಲ ಕಂಬಕ್ಕೆ ಡಿಕ್ಕಿ ಹೊಡೆದು ನಕ್ಕರು. ಬೀಗದ ಕೈ ಸಿಕ್ಕಾಗ ಚಪ್ಪಾಳೆ ತಟ್ಟಿದರು. ಅಕ್ಕ ಬಾಗಿಲ ಬಳಿ ನಿಂತಿದ್ದಳು. ಅಲ್ಲಿಂದಲೇ ಹೇಳಿದಳು.

“ಇದು ಆಟ ಅಲ್ರಿ. ನನಗ ಸಂಜಿ ಆದ ಮ್ಯಾಲ ಇಷ್ಟಽ ಕಾಣ್ತದ. ಮುಂದ ಇದೂ ಕಮ್ಮಿ ಆಗ್ತದಂತ ಡಾಕ್ಟರ್ ಹೇಳ್ಯಾರ. ನಿಮಗ ಮೊದಲಽ ಹೇಳಬೇಕಾಗಿತ್ತು, ನನಗೂ ಈಗಽ ಗೊತ್ತಾಯ್ತು.”

ಮಾಸ್ತರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ನನ್ನನ್ನು ಕೇಳಿದರು, “ಈ ಗೋಲ ಸಣ್ಣದ ಮಾಡಾಕ ಬರ್ತದೇನ್ರಿ?”

“ಬರ್ತದ್ರಿ. ಒಂದು ಅಂಕಿ ಬದಲಿ ಮಾಡಿದ್ರ ಆಯ್ತು.”

“ಮಾಡ್ರಿ.”

ಮೂರು ಇದ್ದದ್ದನ್ನು ಒಂದು ಮಾಡಿದೆ. ಗೊಂಬೆ ನಿಂತ ಫರಸಿ, ಸುತ್ತ ಒಂದೊಂದು, ಅಷ್ಟೇ. ಅವರು ಮತ್ತೆ ಮೊದಲಿನಿಂದ ಆಡಲು ಕೂತರು. ಈ ಸಲ ನಗಲಿಲ್ಲ. ಅರ್ಧ ಗಂಟೆ ಹುಡುಕಿದರೂ ಬೀಗದ ಕೈ ಸಿಗಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಎದ್ದು ಕರವಸ್ತ್ರದಿಂದ ಮುಖ ಒರೆಸಿಕೊಂಡು “ಬರ್ತೇನ್ರಿ” ಎಂದು ನಮ್ಮಿಬ್ಬರಿಗೂ ಹೇಳಿ, ಎದುರಿನ ಸ್ಟ್ಯಾಂಡಿನಲ್ಲಿ ನಿಂತಿದ್ದ ಬಸ್ಸು ಹತ್ತಿ ಹೋದರು. ಅಪ್ಪನಿಗೆ ಹೇಳಿ ಹೋಗಲೂ ಇಲ್ಲ. ಮುಗಿಯಿತು ಎಂದುಕೊಂಡೆ. ಅಕ್ಕನ ಕೈ ಹಿಡಿದು ಮನೆಗೆ ಬರುವಾಗ ನನ್ನ ಹೆಜ್ಜೆ ಹಗುರವಾಗಿದ್ದದ್ದು ನನಗೇ ಗೊತ್ತಾಗುತ್ತಿತ್ತು.

ಹತ್ತು ದಿನ ಸುದ್ದಿಯಿಲ್ಲ. ಹನ್ನೊಂದನೆಯ ದಿನ ಕ್ಲಾಸಿನ ವಿಳಾಸಕ್ಕೆ ನನ್ನ ಹೆಸರಿನಲ್ಲಿ ಒಂದು ದಪ್ಪ ಲಕೋಟೆ ಬಂತು. ಒಳಗೆ ಚೌಕುಳಿ ಹಾಳೆಗಳು, ಶಾಲೆಯ ಹುಡುಗರ ಗಣಿತದ ಪುಸ್ತಕದವು. ಜೇವರ್ಗಿಯ ಅವರ ಮನೆಯನ್ನು ಫರಸಿ ಫರಸಿ ಎಣಿಸಿ ಬರೆದಿದ್ದರು. ಹೊಸ್ತಿಲಿನಿಂದ ನೇರ ಏಳು ಫರಸಿ, ಅಲ್ಲಿ ಎಡಕ್ಕೆ ತಿರುಗಿದರೆ ದೇವರಮನೆ. ಬೀಸುವ ಕಲ್ಲು, ಜೋಳದ ಚೀಲ, ಮಂಚ, ಬಚ್ಚಲಿನ ಹಂಡೆ ಒಂದನ್ನೂ ಬಿಟ್ಟಿರಲಿಲ್ಲ. ಕೊನೆಯ ಹಾಳೆಯಲ್ಲಿ ದುಂಡು ಅಕ್ಷರಗಳಲ್ಲಿ ನಾಲ್ಕು ಸಾಲು: ‘ನಮ್ಮವ್ವ ಬಿಂದಿಗಿ ದಿನಾ ಜಾಗಾ ಬದಲಿಸ್ತಾಳ. ಇನ್ನ ಮ್ಯಾಲ ಒಂದಽ ಕಡಿ ಇಡಾಕ ಹೇಳೇನಿ. ಯಾಕಂತ ಹೇಳಿಲ್ಲ. ಇದನ್ನ ನಿಮ್ಮ ಆಟದಾಗ ಹಾಕಿ ಕೊಡ್ರಿ, ಬರೂದಕ್ಕಿಂತ ಮೊದಲಽ ಅವರಿಗೆ ಮನಿ ರೂಢಿ ಆಗ್ಲಿ.’

ಓದಿ ಎದೆ ತುಂಬಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಅಳು ಬಂತು, ಅದು ಸಂತೋಷದ್ದಲ್ಲ.

ಹಾಳೆಗಳನ್ನು ಅಕ್ಕನ ಕೈಗೆ ಕೊಟ್ಟೆ. ಅವಳು ಬೆಳಕಿಂಡಿಯ ಕೆಳಗೆ ಕೂತು ಬಿಂದಿಗೆಯ ಸಾಲುಗಳನ್ನು ಎರಡು ಸಲ, ಮೂರು ಸಲ ಓದಿದಳು. ಅವಳ ಮುಖದಲ್ಲಿ ಅಂಥ ಬೆಳಗನ್ನು ನಾನು ಹಿಂದೆ ಕಂಡಿರಲಿಲ್ಲ. ನಾನು ಎರಡು ವರ್ಷ ಕೂತು ಅವಳಿಗೆ ಬಿಂದಿಗೆ ಬರೆದುಕೊಟ್ಟಿದ್ದೆ, ಹೊಟ್ಟೆಯ ನೆರಳು ಸಮೇತ. ಅವನಾರೋ ಬಿಂದಿಗೆ ಎಲ್ಲಿದೆ ಎಂದು ಬರೆದ, ಅಷ್ಟಕ್ಕೇ ಈಕೆ ಹಿಗ್ಗಿ ಹೀರೆಕಾಯಿ! ಹೊಟ್ಟೆಕಿಚ್ಚು ಎಂದರೆ ಏನೆಂದು ಆಗ ತಿಳಿಯಿತು.

ಆ ಭಾನುವಾರ ಹಾಳೆಗಳನ್ನು ನಕಲು ಮಾಡಿಕೊಂಡು ಹೋಗಿ ಜೇವರ್ಗಿಯ ಮನೆಯನ್ನು ಯಂತ್ರಕ್ಕೆ ಹಾಕಿದೆ. ದೇವರಮನೆಗೆ ತಿರುಗುವ ಜಾಗ ಬಂದಾಗ ಏಳರ ಬದಲು ಎಂಟು ಫರಸಿ ಹಾಕಿದೆ. ಕೈತಪ್ಪಿ ಆದದ್ದಲ್ಲ. ಹೊಸ ಸೊಸೆ ಮನೆಗೆ ಕಾಲಿಟ್ಟ ಕೂಡಲೇ ಹೋಗುವುದು ದೇವರಮನೆಗೆ. ಎಂಟು ಎಣಿಸಿ ತಿರುಗಿದರೆ ಬಾಗಿಲಲ್ಲ, ಗೋಡೆ. ಎಲ್ಲರ ಎದುರು ಮುಗ್ಗರಿಸಿದರೆ ಗುಟ್ಟು ಹೊರಗೆ ಬೀಳುತ್ತದೆ, ಅತ್ತೆ ವಾಪಸು ಕಳಿಸುತ್ತಾಳೆ. ಇಷ್ಟನ್ನೂ ಯೋಚಿಸಿ ಹಾಕಿದೆ ಎಂದು ಹೇಳಲು ಧೈರ್ಯವಿಲ್ಲ, ಯೋಚಿಸದೆ ಹಾಕಿದೆ ಎಂದು ಹೇಳಲು ಮುಖವಿಲ್ಲ. ಮಧ್ಯಾಹ್ನ ಅಕ್ಕ ಬಂದು ಆ ಮನೆಯೊಳಗೆ ಗೊಂಬೆಯನ್ನು ನಡೆಸಿದಳು. ಎಂಟು ಎಣಿಸಿದಳು, ಎಡಕ್ಕೆ ತಿರುಗಿದಳು. ಏನೂ ಹೇಳಲಿಲ್ಲ.

ಆ ವಾರವಿಡೀ ಅವಳು ಕೆಲಸ ಮಾಡುತ್ತಲೇ ಎಣಿಸುತ್ತಿದ್ದಳು. ರೊಟ್ಟಿ ಬಡಿಯುವಾಗ “ಐದು, ಆರು, ಏಳು, ಎಂಟು, ಆಮ್ಯಾಲ ಎಡಕ್ಕ.” ಕಸ ಹೊಡೆಯುವಾಗ ಮತ್ತೆ ಅದೇ. ಅವ್ವ, “ಲಗ್ನದ ದಿನಾ ಎಣಿಸಾಕತ್ಯಾಳ” ಎಂದು ಚೇಷ್ಟೆ ಮಾಡಿದಳು. ಎಂಟು ಎನ್ನುವ ಶಬ್ದ ಕಿವಿಗೆ ಬಿದ್ದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಶನಿವಾರದ ಹೊತ್ತಿಗೆ ನಾನು ಊಟ ಬಿಟ್ಟಿದ್ದೆ. ಭಾನುವಾರ ಅವಳಿಗಿಂತ ಒಂದು ತಾಸು ಮೊದಲು ಹೋಗಿ ಎಂಟನ್ನು ಏಳು ಮಾಡಿದೆ. ಅವಳು ಬಂದಾಗ, “ಮೊನ್ನೆ ಎಣಿಸೂ ಮುಂದ ತಪ್ಪಿದ್ದೆ ಅಕ್ಕ, ತಿದ್ದೇನಿ” ಎಂದೆ. “ಹೂಂ, ಚಲೋ ಆಯ್ತು” ಎಂದು ಅವಳು ಆಡಲು ಕೂತಳು.

ಅಲ್ಲಿಂದ ಐದು ಭಾನುವಾರ ನಾವಿಬ್ಬರೂ ಅಲ್ಲೇ ಇದ್ದೆವು. ನಾನು ಅಂಚಿನ ಫರಸಿಗಳಿಗೆ ಮಸುಕು ಬೆಳಕು ಬರೆಯಬೇಕೆಂದು ಎಷ್ಟೋ ದಿನದಿಂದ ಅಂದುಕೊಂಡದ್ದು ಬೇಡವಾಯಿತು. ಕತ್ತರಿಸಿದ ಹಾಗಿದ್ದ ಅಂಚೇ ಅವಳಿಗೆ ಸರಿ. ಅವಳು ಗೋಲವನ್ನು ಎರಡು ಮಾಡು ಎಂದಳು, ಆಮೇಲೆ ಒಂದು ಮಾಡು ಎಂದಳು. ಕೊನೆಯ ಭಾನುವಾರ “ಪೂರಾ ಆರಸು” ಎಂದಳು. ಸೊನ್ನೆ ಹಾಕಿ, ಗೊಂಬೆ ನಿಂತ ಫರಸಿಯನ್ನೂ ಆರಿಸಿದೆ. ಪರದೆ ಪೂರ್ತಿ ಕಪ್ಪು. ಅವಳು ಕೀಲಿ ಒತ್ತುತ್ತ, ತುಟಿಯಲ್ಲೇ ಎಣಿಸುತ್ತ, ಹೊಸ್ತಿಲಿನಿಂದ ದೇವರಮನೆಗೆ, ಅಲ್ಲಿಂದ ಒಲೆಗೆ, ಒಲೆಯಿಂದ ಬಚ್ಚಲಿಗೆ ಹೋಗಿ ಬಂದಳು. ಒಂದು ಸಲವೂ ಗೋಡೆ ತಾಗಿದ ಬೀಪ್ ಶಬ್ದ ಬರಲಿಲ್ಲ. ನಾನು ಬರೆದ ಬಿಂದಿಗೆ, ಕಂಬ, ಗೊಂಬೆ, ಬೆಳಕು ಯಾವುದೂ ಆ ಪರದೆಯ ಮೇಲೆ ಇರಲಿಲ್ಲ. ಅವಳಿಗೆ ಬೇಕಾಗಿಯೂ ಇರಲಿಲ್ಲ.

ಲಗ್ನ ಆಳಂದದಲ್ಲಿ ಮುಂಜಾನೆ ಆಯಿತು. ಮದುಮಗಳ ಜೊತೆ ತಂಗಿ ಹೋಗುವ ರೂಢಿಯಂತೆ ನಾನೂ ಬಸ್ಸು ಹತ್ತಿದೆ. ಜೇವರ್ಗಿ ಮುಟ್ಟುವಾಗ ಸಂಜೆಯಾಗಿ, ಬೀದಿಯಲ್ಲಿ ಮುಖಗಳು ಮಸುಕಾಗುತ್ತಿದ್ದವು. ಪಡಸಾಲೆಯಲ್ಲಿ ಒಂದು ಬಲ್ಬು, ಸುತ್ತ ಐವತ್ತು ಜನ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು. ಅದನ್ನು ಬಲಗಾಲಿನಿಂದ ಒದ್ದು ಒಳಗೆ ಹೋಗಬೇಕು. ಸೇರು ಹಾಳೆಯಲ್ಲಿ ಇರಲಿಲ್ಲ, ನನ್ನ ಆಟದಲ್ಲೂ ಇರಲಿಲ್ಲ. ಮಾಸ್ತರು ಬಗ್ಗಿ ಚಪ್ಪಲಿ ಬಿಡುವವರಂತೆ ಮಾಡಿ ಸೇರನ್ನು ಬೆರಳಿನಿಂದ ಅವಳ ಕಾಲಿಗೆ ತಾಗುವಂತೆ ಸರಿಸಿದರು. ಅಕ್ಕಿ ಚೆಲ್ಲಿತು, ಹೆಂಗಸರು ನಕ್ಕರು. ಅಕ್ಕ ಒಳಗೆ ನಡೆದಳು. ಅವರು ಅವಳನ್ನು ಕೈಹಿಡಿದು ನಡೆಸಬಹುದಿತ್ತು, ಶಲ್ಯ ಸೆರಗಿಗೆ ಗಂಟು ಹಾಕಿತ್ತು. ಆದರೂ ಅರ್ಧ ಹೆಜ್ಜೆ ಹಿಂದೆಯೇ ಉಳಿದರು. ನಾನು ಹೊಸ್ತಿಲಾಚೆ ನಿಂತು ಅವಳ ಹೆಜ್ಜೆ ಎಣಿಸಿದೆ. ಒಂದು ವಾರ ಕಲಿತ ತಪ್ಪು ಅವಳ ಕಾಲಿಗೆ ನೆನಪಿದ್ದರೆ? ಐದು. ಆರು. ಏಳು. ಅವಳು ತಿರುಗಿದಳು, ಬಾಗಿಲಲ್ಲಿ ತಲೆ ಬಗ್ಗಿಸಿ ದೇವರಮನೆಗೆ ಹೋದಳು. ಯಾರೂ ಏನನ್ನೂ ಗಮನಿಸಲಿಲ್ಲ. ಹೊಸ್ತಿಲು ದಾಟಿದ ಮೇಲೆ ನನ್ನನ್ನೂ ಸೇರಿ ಯಾರ ಸಹಾಯವೂ ಅವಳಿಗೆ ಬೇಕಾಗಲಿಲ್ಲ, ಆ ಮನೆಯಲ್ಲಿ ನನಗೊಂದು ಕೆಲಸವೂ ಇರಲಿಲ್ಲ.

ಒಂದೂವರೆ ತಿಂಗಳಿಗೆ ಅವಳು ತವರಿಗೆ ಬಂದಳು. ಮೈ ತುಂಬಿಕೊಂಡಿದ್ದಳು, ಮಾತು ಹೆಚ್ಚಾಗಿತ್ತು. ಮಧ್ಯಾಹ್ನ ಪಡಸಾಲೆಯಲ್ಲಿ ಇಬ್ಬರೇ ಶೇಂಗಾ ಸುಲಿಯುತ್ತ ಕೂತಿದ್ದಾಗ ಇನ್ನು ತಡೆಯಲಾರದೆ ನಾನು ಹೇಳಿಬಿಟ್ಟೆ. ಎಂಟು ಹಾಕಿದ್ದು ಬೇಕೆಂದೇ, ನೀನು ಹೋಗಬಾರದು ಎಂದು, ಅಂದೆ.

ಅಕ್ಕ ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ. “ಗೊತ್ತಿತ್ತು ಬೇ. ಅವರ ಹಾಳಿ ನನ್ನ ಕಡೇನಽ ಇತ್ತಲ್ಲ. ಅವತ್ತಽ ಎಣಿಸಿ ನೋಡಿದ್ದೆ.”

“ಮತ್ತ ವಾರ ಪೂರಾ ಎಂಟು, ಎಂಟು ಅಂತ...”

“ನಿನಗ ಕೇಳ್ಲಿ ಅಂತ ಜೋರಾಗಿ ಎಣಿಸ್ತಿದ್ದೆ.”

“ನಾ ತಿದ್ದದಿದ್ರ ಏನ್ ಮಾಡ್ತಿದ್ದಿ?”

“ಲಗ್ನ ಬ್ಯಾಡ ಅಂತಿದ್ದೆ” ಎಂದಳು, ನಾಳೆ ಮಾರ್ಕೆಟ್ಟಿಗೆ ಹೋಗುವುದಿಲ್ಲ ಎನ್ನುವಷ್ಟು ಸಲೀಸಾಗಿ. “ನೀ ಅಷ್ಟು ಸಂಕಟದಾಗ ಇದ್ದಿ ಅಂದ್ರ ನಾ ಬಿಟ್ಟು ಹ್ಯಾಂಗ ಹೋಗ್ಲಿ? ಭಾನುವಾರ ತನಕ ನೋಡೂಣು ಅಂದ್ಕೊಂಡಿದ್ದೆ. ನೀ ತಿದ್ದಿದಿ. ಅಂದ್ರ ನೀ ಒಬ್ಬಾಕಿ ಇರ್ತೀ, ಇರಾಕ ಆಗ್ತದ ಅಂತ ತಿಳಕೊಂಡೆ.”

ಅವಳು ಸುಲಿದ ಶೇಂಗಾವನ್ನು ಮೊರದಲ್ಲಿ ಹಾಕಿ ಕೇರಲು ಶುರುಮಾಡಿದಳು. ಇರಲು ನನಗೆ ಆಗುತ್ತಿರಲಿಲ್ಲ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ, ಮರುದಿನ ಮುಂಜಾನೆಯ ಬಸ್ಸಿಗೆ ಅವಳ ಚೀಲ ಹಿಡಿದುಕೊಂಡು ಸ್ಟ್ಯಾಂಡಿಗೆ ಹೋಗಿ ಕಿಟಕಿಯ ಕಡೆಯ ಸೀಟು ಹಿಡಿದುಕೊಟ್ಟು ಬಂದೆ.